ಮುಚ್ಚಿದ ಬಾಗಿಲ ಹಿಂದಿನ ಹುಡುಗ: ಸ್ವಾಮಿ ಮತ್ತು ಜೇಮಿ

ಮಧ್ಯಾಹ್ನ ಶಾಲೆಯ ಬಸ್ಸುಗಳು ಬಂದು ನಿಂತಾಗ ಅಲ್ ಕುಸೈಸಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸ್ವಲ್ಪ ಹೊತ್ತು ಗದ್ದಲ. ಆಮೇಲೆ ಒಂದೊಂದೇ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂಬತ್ತನೇ ತರಗತಿಯ ನನ್ನ ಮಗನದೂ ಅದರಲ್ಲೊಂದು. ಮಗ ಮನೆಯೊಳಗಿದ್ದಾನಲ್ಲ ಎಂದು ನಾವು ನೆಮ್ಮದಿಯಾಗಿರುತ್ತೇವೆ. 2025ರ ಮಾರ್ಚ್ 13ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಅಡೊಲೆಸೆನ್ಸ್’ ಎಂಬ ನಾಲ್ಕು ಕಂತುಗಳ ಬ್ರಿಟಿಷ್ ಧಾರಾವಾಹಿ ಕಲಕುವುದು ಈ ನೆಮ್ಮದಿಯನ್ನೇ.

13 ವರ್ಷದ ಜೇಮಿಯನ್ನು, ಸಹಪಾಠಿ ಹುಡುಗಿಯನ್ನು ಕೊಂದ ಆರೋಪದ ಮೇಲೆ ಪೊಲೀಸರು ಬೆಳ್ಳಂಬೆಳಗ್ಗೆ ಬಾಗಿಲು ಒಡೆದು ಹಿಡಿದೊಯ್ಯುತ್ತಾರೆ. ಕೊಂದವರು ಯಾರೆಂಬುದು ಮೊದಲ ಕಂತಿನಲ್ಲೇ ತಿಳಿಯುತ್ತದೆ. ಯಾಕೆ ಎಂಬುದೇ ಉಳಿದ ಕತೆ.

ಜೇಮಿಯಾಗಿ ನಟಿಸಿದ ಓವನ್ ಕೂಪರ್‌ಗೆ ಕ್ಯಾಮೆರಾ ಮುಂದೆ ಇದೇ ಮೊದಲ ಪಾತ್ರ. ಮ್ಯಾಂಚೆಸ್ಟರಿನ ನಟನಾ ತರಗತಿಗೆ ಹೋಗುತ್ತಿದ್ದ ಹುಡುಗ ಅವನು. ಪ್ರತಿ ಕಂತನ್ನೂ ಎಲ್ಲೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ಚಿತ್ರಿಸಿದ್ದಾರೆ. ಹಾಗಾಗಿ ವಾರಗಟ್ಟಲೆ ತಾಲೀಮು ನಡೆಸಿ, ಆಮೇಲೆ ಇಡೀ ಕಂತನ್ನು ಮತ್ತೆ ಮತ್ತೆ ಆಡಬೇಕಾಯಿತು. ನಮ್ಮ ಹವ್ಯಾಸಿ ನಾಟಕ ತಂಡದವರಿಗೆ ಈ ಕಷ್ಟ ಗೊತ್ತು. ಒಬ್ಬ ಮಾತು ಮರೆತರೆ ಉಳಿದವರೇ ಕೈಹಿಡಿದು ದಾಟಿಸಬೇಕು.

ಮೊದಲು ಚಿತ್ರೀಕರಿಸಿದ್ದು ಮೂರನೆಯ ಕಂತನ್ನು. ಅದರಲ್ಲಿ ಬಹುಪಾಲು ಜೇಮಿ ಮತ್ತು ಮನಶ್ಶಾಸ್ತ್ರಜ್ಞೆ, ಒಂದೇ ಕೋಣೆಯಲ್ಲಿ ಎದುರುಬದುರು. ಒಂದು ಸಲ ಹುಡುಗನಿಗೆ ನಿಜವಾಗಿಯೇ ಆಕಳಿಕೆ ಬಂತು. ಮನಶ್ಶಾಸ್ತ್ರಜ್ಞೆಯಾಗಿದ್ದ ಎರಿನ್ ಡೊಹರ್ಟಿ ಪಾತ್ರ ಬಿಡದೆ, ನನ್ನ ಮಾತು ಬೇಸರವಾಯಿತೇ ಎಂದು ಕೇಳಿಬಿಟ್ಟರು. ಬರೆದಿಲ್ಲದ ಆ ಮಾತಿಗೆ ಹುಡುಗನ ಮುಖದಲ್ಲಿ ಸಣ್ಣ ನಗು ಮೂಡಿತು. ಅದು ಹಾಗೆಯೇ ಕಂತಿನಲ್ಲಿ ಉಳಿದಿದೆ.

ನನಗೆ ಮುಖ್ಯವಾಗಿ ಕಂಡದ್ದು ಇದು. ಒಂಟಿ ಹುಡುಗನ ಪಾತ್ರ ಮಾಡಿದವನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಟ್ಟಿರಲಿಲ್ಲ. ಅವನ ಆಕಳಿಕೆಯನ್ನು ಕೂಡ ಗಮನಿಸುವವರು ಎದುರಿಗಿದ್ದರು. ಜೇಮಿಗೆ ಸಿಗದೇ ಹೋದದ್ದೂ ಅದೇ. ಅವನ ತಂದೆತಾಯಿ ಕೆಟ್ಟವರಲ್ಲ. ಮಗ ಕೋಣೆಯಲ್ಲಿದ್ದಾನೆ, ಅಪಾಯವಿಲ್ಲ ಎಂದು ನಂಬಿದ್ದವರು. ಕೊನೆಯ ಕಂತಿನಲ್ಲಿ ಅವರು ಹಾಗೆ ಹೇಳಿಕೊಳ್ಳುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಕನ್ನಡಿಗರಾದ ನಮಗೆ ಕಿರುತೆರೆಯ ಹುಡುಗ ಎಂದರೆ ಮೊದಲು ನೆನಪಾಗುವವನು ಸ್ವಾಮಿ. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ ಮಾಸ್ಟರ್ ಮಂಜುನಾಥ್ ಆಗಲೇ ಸಿನಿಮಾಗಳಲ್ಲಿ ಪಳಗಿದ್ದ ಬಾಲನಟ. ಸ್ವಾಮಿ ಜೇಮಿಗಿಂತ ಚಿಕ್ಕವನು, ಮುಗ್ಧ. ಆದರೆ ಅವನಿಗೂ ಗಿರೀಶ್ ಕಾರ್ನಾಡರು ನಟಿಸಿದ ಗಂಭೀರ ಅಪ್ಪನ ಹೆದರಿಕೆ, ಹೆಡ್‌ಮಾಸ್ತರರ ಬೆತ್ತ, ಗೆಳೆಯರೆದುರು ಮರ್ಯಾದೆ ಹೋಗುವ ಭಯ. ಇವು ಸೇರಿಯೇ ಅವನನ್ನು ಊರು ಬಿಟ್ಟು ಓಡಿಸುತ್ತವೆ. ಮಂಜುನಾಥ್ ಈ ಸಂಕಟವನ್ನು ಬೀದಿಯಲ್ಲಿ, ಜಗಲಿಯಲ್ಲಿ, ಅಜ್ಜಿಯ ಪಕ್ಕದಲ್ಲಿ, ಎಲ್ಲರ ಕಣ್ಣೆದುರೇ ಅಭಿನಯಿಸಿದ. ಆರ್.ಕೆ. ನಾರಾಯಣರ ಕತೆಯಲ್ಲಿ ಹುಡುಗ ಕಾಣೆಯಾದ ರಾತ್ರಿ ಅದೇ ಅಪ್ಪ ಕಂಗಾಲಾಗಿ ಹುಡುಕುತ್ತಾರೆ. ಸ್ವಾಮಿ ಓಡಿಹೋದದ್ದು ತಿಳಿಯುತ್ತದೆ. ಜೇಮಿ ಮನೆಯೊಳಗೇ ಇದ್ದುಕೊಂಡು ದೂರ ಹೋದದ್ದು ಯಾರಿಗೂ ತಿಳಿಯುವುದಿಲ್ಲ.

‘ಅಡೊಲೆಸೆನ್ಸ್’ನಲ್ಲಿ ಕೊರತೆ ಇಲ್ಲವೆಂದಲ್ಲ. ಸತ್ತ ಕೇಟಿಯ ಮನೆಯೊಳಗೆ ಕ್ಯಾಮೆರಾ ಹೋಗುವುದೇ ಇಲ್ಲ. ಇಂಥ ಪ್ರಕರಣಗಳಲ್ಲಿ ಜನ ಕೊಂದವನನ್ನೇ ನೆನಪಿಡುತ್ತಾರೆ ಎಂದು ಪೊಲೀಸ್ ಅಧಿಕಾರಿಣಿಯೊಬ್ಬಳು ಬೇಸರದಿಂದ ಹೇಳುತ್ತಾಳೆ. ತಪ್ಪನ್ನು ಹೀಗೆ ಒಪ್ಪಿಕೊಂಡರೂ ಧಾರಾವಾಹಿ ಅದನ್ನು ತಿದ್ದಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳ ತಂದೆತಾಯಿಯರಿಗೆ ಇದು ನೋಯುವಂಥದ್ದೇ. ಇನ್ನು ಎಲ್ಲ ಪಾಪವನ್ನೂ ಮೊಬೈಲಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಪ್ರೇಕ್ಷಕರಿಗೆ ಅಪ್ಪನ ಪಾತ್ರವೇ ಉತ್ತರ ಕೊಡುತ್ತದೆ. ಫುಟ್‌ಬಾಲ್ ಮೈದಾನದಲ್ಲಿ ಮಗ ಸೋತಾಗ ತಾನು ಮುಖ ತಿರುಗಿಸಿಕೊಂಡದ್ದು ಮಗನಿಗೆ ಮರೆತಿಲ್ಲ.

2025ರ ಸೆಪ್ಟೆಂಬರಿನಲ್ಲಿ, 15ನೇ ವಯಸ್ಸಿಗೆ, ಓವನ್‌ಗೆ ಎಮ್ಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಹಿಂದೆ ಅಷ್ಟೂ ತಾಲೀಮು, ಎದುರು ಕೂತು ಕೇಳಿದ ಅಷ್ಟೂ ಹಿರಿಯರು ಇದ್ದಾರೆ. ನಮ್ಮ ಮಕ್ಕಳು ಇಲ್ಲಿ ಅಜ್ಜಿಯಿಲ್ಲದ, ಜಗಲಿಯಿಲ್ಲದ ಫ್ಲಾಟುಗಳಲ್ಲಿ ಬೆಳೆಯುತ್ತಿದ್ದಾರೆ. ಆ ಎರಡರ ಕೆಲಸವನ್ನೂ ನಾವೇ ಮಾಡಬೇಕು. ಮೊನ್ನೆ ಊಟಕ್ಕೆ ಕೂತಾಗ ಮಗ ಆಕಳಿಸಿದ. ಫೋನ್ ಕೆಳಗಿಟ್ಟು, ‘ಯಾಕೋ, ರಾತ್ರಿ ನಿದ್ದೆ ಬರ್ಲಿಲ್ವಾ?’ ಎಂದೆ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಬಂತು.