ಗಾಜಿನಿಂದ ಬಿಡುಗಡೆಯಾದ ಹೆಬ್ಬೆರಳು

ಮೊಬೈಲಿನಲ್ಲಿ ಆಟವಾಡುವಾಗ ನಮ್ಮ ಹೆಬ್ಬೆರಳುಗಳು ಪರದೆಯ ಎಷ್ಟು ಜಾಗ ಮುಚ್ಚಿರುತ್ತವೆ ಎಂಬುದು ಅವನ್ನು ಅಲ್ಲಿಂದ ಎತ್ತಿದ ಮೇಲೇ ಗೊತ್ತಾಗುವುದು. ಬ್ಯಾಕ್‌ಬೋನ್ ಒನ್ ಕಂಟ್ರೋಲರ್‌ಗೆ ಫೋನ್ ಸಿಕ್ಕಿಸಿ ನಾನು ಮೊದಲು ತೆರೆದದ್ದು ‘ಡೆಡ್ ಸೆಲ್ಸ್’. ಫ್ರಾನ್ಸಿನ ಮೋಷನ್ ಟ್ವಿನ್ ತಂಡದ ಈ ಆಟ 2018ರಲ್ಲಿ ಕಂಪ್ಯೂಟರ್, ಕನ್ಸೋಲ್‌ಗಳಿಗೆ ಬಂದು ಮರುವರ್ಷ ಐಫೋನಿಗೂ ಬಂತು. ಸತ್ತರೆ ಮತ್ತೆ ಮೊದಲಿಂದ ಶುರು. ಶತ್ರು ಏಟು ಹಾಕುವ ಮುನ್ನ ಅವನ ತಲೆಯ ಮೇಲೆ ಕ್ಷಣಕಾಲ ಉದ್ಗಾರ ಚಿಹ್ನೆ ಮೂಡುತ್ತದೆ; ಕಂಡ ಕೂಡಲೇ ಉರುಳಿ ತಪ್ಪಿಸಿಕೊಳ್ಳಬೇಕು. ಗಾಜಿನ ಮೇಲೆ ಆಡುವಾಗ ಕಣ್ಣು ಆ ಚಿಹ್ನೆಯನ್ನು ಬಿಟ್ಟು ಒಮ್ಮೆ ಕೆಳಗಿಳಿದು, ಉರುಳುವ ಬಟನ್ ಎಲ್ಲಿದೆಯೆಂದು ನೋಡಿ ಬರುತ್ತದೆ. ಅಷ್ಟರಲ್ಲಿ ಏಟು ಬಿದ್ದಾಗಿರುತ್ತದೆ. ಗಾಜಿಗೆ ಅಂಚಿಲ್ಲ, ಉಬ್ಬಿಲ್ಲ. ಬೆರಳು ಚೂರು ಜಾರಿದರೆ ಬೆರಳಿಗೇ ತಿಳಿಯದು. ಕಂಟ್ರೋಲರ್‌ನಲ್ಲಿ ಹೆಬ್ಬೆರಳು ಬಟನ್ನಿನ ಅಂಚು ತಡವಿಯೇ ತಾನೆಲ್ಲಿದ್ದೇನೆಂದು ಅರಿಯುತ್ತದೆ, ಕಣ್ಣು ಶತ್ರುವಿನ ಮೇಲಿಂದ ಕದಲುವುದಿಲ್ಲ. ಈ ಒಂದು ವ್ಯತ್ಯಾಸಕ್ಕಾಗಿಯೇ ನಾನು ಈ ಸಾಧನದ ಪರ.

ಅಮೆರಿಕದ ಬ್ಯಾಕ್‌ಬೋನ್ ಕಂಪನಿ ಇದನ್ನು 2020ರಲ್ಲಿ ಐಫೋನಿಗೆಂದು ತಂದಿತು. ಆಗಿನ ಬೆಲೆ 99.99 ಡಾಲರ್, ಅಂದರೆ ಇವತ್ತಿನ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿಗೂ ಮೇಲೆ. ಆಂಡ್ರಾಯ್ಡ್‌ಗಾಗಿ ಯುಎಸ್‌ಬಿ-ಸಿ ಮಾದರಿ 2022ರಲ್ಲಿ ಬಂತು. ಎಡಗೈಗೊಂದು ಹಿಡಿ, ಬಲಗೈಗೊಂದು ಹಿಡಿ, ನಡುವೆ ಎಳೆದರೆ ಚಾಚಿ ಬಿಟ್ಟರೆ ಸ್ಪ್ರಿಂಗ್ ಬಲದಲ್ಲಿ ಮುಚ್ಚಿಕೊಳ್ಳುವ ಪಟ್ಟಿ. ಬಲಹಿಡಿಯ ಒಳಬದಿಯ ಪಿನ್ನು ಫೋನಿನ ಚಾರ್ಜಿಂಗ್ ಪೋರ್ಟಿಗೆ ಕೂತರೆ ಆಯಿತು, ಬ್ಲೂಟೂತ್ ಜೋಡಿಸುವ ಗೋಜಿಲ್ಲ. ಒಳಗೆ ಬ್ಯಾಟರಿಯೂ ಇಲ್ಲ, ಬೇಕಾದ ಅಲ್ಪ ವಿದ್ಯುತ್ತನ್ನು ಫೋನಿನಿಂದಲೇ ಪಡೆಯುತ್ತದೆ. ಹಾಗಾಗಿ ತೂಕ ಬರೀ 138 ಗ್ರಾಂ. ನೇರ ಸಂಪರ್ಕವಿರುವುದರಿಂದ ಬಟನ್ ಒತ್ತುವುದಕ್ಕೂ ಪಾತ್ರ ಜಿಗಿಯುವುದಕ್ಕೂ ನಡುವೆ ತಡ ಅನುಭವಕ್ಕೆ ಬರುವುದಿಲ್ಲ. ಬಲಗೈ ಕೆಳಗೆ ಚಾರ್ಜರ್ ಚುಚ್ಚುವ ಜಾಗವಿದೆ, ಎಡಗೈ ಕೆಳಗೆ 3.5 ಮಿ.ಮೀ. ಹೆಡ್‌ಫೋನ್ ಜ್ಯಾಕ್. ಫೋನ್ ಕಂಪನಿಗಳು ಕಿತ್ತುಹಾಕಿದ ಜ್ಯಾಕನ್ನು ಇಲ್ಲಿ ವಾಪಸ್ ಕೊಟ್ಟಿದ್ದಾರೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಕತ್ತಿಯೇಟು ಬಿದ್ದ ಮೇಲೆ ಅದರ ಸದ್ದು ಬರುವುದನ್ನು ಸಹಿಸಿಕೊಂಡವರಿಗೆ ಇದು ದೊಡ್ಡ ಉಪಕಾರ.

ತೋರುಬೆರಳಿನಿಂದ ಒತ್ತುವ ಟ್ರಿಗರ್‌ಗಳ ಗುಣ ಗೊತ್ತಾಗಬೇಕಾದರೆ ‘ಗ್ರಿಡ್ ಆಟೋಸ್ಪೋರ್ಟ್’ ಎಂಬ ಕಾರು ರೇಸಿನ ಆಟ ಆಡಬೇಕು. ಎಷ್ಟು ಒತ್ತಿದ್ದೇವೆ ಎಂಬುದನ್ನೂ ಟ್ರಿಗರ್ ಆಟಕ್ಕೆ ತಿಳಿಸುತ್ತದೆ. ತಿರುವಿನಿಂದ ಹೊರಬರುವಾಗ ಪೂರ್ತಿ ಅದುಮಿದರೆ ಹಿಂದಿನ ಚಕ್ರ ಜಾರಿ ಕಾರು ಗಿರಕಿ ಹೊಡೆಯುತ್ತದೆ. ತೋರುಬೆರಳನ್ನು ಅರ್ಧಕ್ಕೆ ತಡೆದು, ರಸ್ತೆ ನೆಟ್ಟಗಾಗುತ್ತಿದ್ದಂತೆ ಮೆಲ್ಲಗೆ ಒತ್ತುತ್ತಾ ಹೋದರೆ ಕಾರು ಮಾತು ಕೇಳುತ್ತದೆ. ಈ ‘ಅರ್ಧ’ ಪರದೆಯ ಮೇಲಿನ ಪೆಡಲ್ ಚಿತ್ರಕ್ಕೆ ಒಗ್ಗುವುದೇ ಇಲ್ಲ. ಕೊರತೆಗಳೂ ಇವೆ. ಕಂಪನ ಇಲ್ಲ, ಗೋಡೆಗೆ ಗುದ್ದಿದರೂ ಕೈಗೆ ಏನೂ ತಾಗದು. ಹೆಬ್ಬೆರಳಿನಿಂದ ಓಲಾಡಿಸುವ ಸ್ಟಿಕ್‌ಗಳು ಕನ್ಸೋಲಿನವಕ್ಕಿಂತ ಗಿಡ್ಡ, ಸೂಕ್ಷ್ಮವಾಗಿ ಗುರಿಯಿಡಲು ಅಷ್ಟು ಒದಗವು. ದೊಡ್ಡ ಅಂಗೈಯವರಿಗೆ ಕಿರುಬೆರಳು ಊರಲು ಜಾಗ ಸಾಲದು.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಫೋನಿನ ಪೋರ್ಟಿಗೇ ಕೂರುವ ಸಾಧನದ ಆಯುಷ್ಯವನ್ನು ಫೋನ್ ತಯಾರಕರು ನಿರ್ಧರಿಸುತ್ತಾರೆ. 2020ರ ಮಾದರಿಯಲ್ಲಿದ್ದದ್ದು ಆಪಲ್‌ನ ಲೈಟ್ನಿಂಗ್ ಪಿನ್. 2021ರ ಐಫೋನ್ 13 ಪ್ರೊದ ಕ್ಯಾಮೆರಾ ಉಬ್ಬು ದಪ್ಪಗಾಗಿ ಫೋನ್ ಸರಿಯಾಗಿ ಕೂರದೆ, ಕಂಪನಿ ಬೇರೆ ಅಡಾಪ್ಟರ್ ಒದಗಿಸಬೇಕಾಯಿತು. 2023ರ ಐಫೋನ್ 15ರಲ್ಲಿ ಆಪಲ್ ಯುಎಸ್‌ಬಿ-ಸಿಗೆ ಬದಲಾಯಿತು. ಹಳೆಯ ಕಂಟ್ರೋಲರ್ ಎಷ್ಟೇ ಗಟ್ಟಿಯಾಗಿದ್ದರೂ ಹೊಸ ಫೋನಿಗೆ ಉಪಯೋಗವಿಲ್ಲ. ಇದರ ಬದಲು ಎಕ್ಸ್‌ಬಾಕ್ಸ್ ಅಥವಾ ಪ್ಲೇಸ್ಟೇಷನ್‌ನ ಬ್ಲೂಟೂತ್ ಕಂಟ್ರೋಲರ್‌ಗೆ ಒಂದು ಕ್ಲಿಪ್ ಹಾಕಿ ಮೇಲೆ ಫೋನ್ ನಿಲ್ಲಿಸಿಕೊಳ್ಳಬಹುದು. ಐಫೋನಿನಲ್ಲಿ 2019ರ ಐಓಎಸ್ 13ರಿಂದ ಇದಕ್ಕೆ ಅವಕಾಶವಿದೆ. ಆ ಕಂಟ್ರೋಲರ್ ನಾಲ್ಕು ಫೋನ್ ಬದಲಾದರೂ ಬಾಳುತ್ತದೆ. ಆದರೆ ಭಾರವೆಲ್ಲ ಮೇಲಕ್ಕೆ ಹೋಗಿ ಮಣಿಕಟ್ಟು ಬೇಗ ನೋಯುತ್ತದೆ. ಮಲಗಿಕೊಂಡು ಆಡುವಂತೆಯೂ ಇಲ್ಲ. ಹೆಚ್ಚು ಹೊತ್ತು ಆಡುವವರಿಗೆ ಎರಡು ಬದಿಯ ಹಿಡಿಯೇ ವಾಸಿ. ಬ್ಯಾಕ್‌ಬೋನ್‌ನ ಆ್ಯಪ್ ಕೆಲವು ಸೌಲಭ್ಯಗಳಿಗೆ ಚಂದಾ ಕೇಳುತ್ತದೆ. ಕಟ್ಟದಿದ್ದರೂ ಬಟನ್‌ಗಳು ಕೆಲಸ ಮಾಡುತ್ತವೆ, ನಾನು ಆ್ಯಪ್ ಇಲ್ಲದೆಯೇ ಆಡಿದೆ.

ಇನ್ನು ನಮ್ಮ ಹುಡುಗರ ಪ್ರಶ್ನೆ: ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟಕ್ಕೆ ಇದು ಆಗುತ್ತದಾ? ಆಗುವುದಿಲ್ಲ. ಅದು ಮುಟ್ಟಿ ಆಡಲೆಂದೇ ಕಟ್ಟಿದ ಆಟ. ಬಟನ್ ಒತ್ತನ್ನು ಸ್ಪರ್ಶವಾಗಿ ಬದಲಿಸಿಕೊಡುವ ಆ್ಯಪ್‌ಗಳನ್ನು ಹಾಕಿಕೊಂಡರೆ ಖಾತೆ ಬ್ಯಾನ್ ಆಗುವ ಅಪಾಯವಿದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಗಾಜನ್ನೇ ಪಳಗಿಸಿಕೊಂಡ ಒಂದು ಕೈಚಳಕ ಬೆಳೆದಿದೆ. ಎರಡು ಹೆಬ್ಬೆರಳು ಕೆಳಗೆ, ಎರಡು ತೋರುಬೆರಳು ಮೇಲಿನ ಅಂಚಿನಿಂದ ಬಾಗಿ ಪರದೆಗೆ: ‘ಕ್ಲಾ’ ಎನ್ನುವ ಈ ಹಿಡಿತದಲ್ಲಿ ಓಡುತ್ತಲೇ ಗುರಿಯಿಟ್ಟು ಗುಂಡು ಹಾರಿಸುತ್ತಾರೆ. ಜೊತೆಗೆ ಗೈರೊ, ಫೋನನ್ನೇ ಕೊಂಚ ಓಲಾಡಿಸಿ ಗುರಿ ತಿದ್ದುವುದು. ಬೆವರಿದ ಬೆರಳು ಗಾಜಿಗೆ ಅಂಟದಿರಲೆಂದು ವಿದ್ಯುತ್ ಹರಿಯುವ ನೂಲಿನ ಸಣ್ಣ ಬೆರಳುಚೀಲ ತೊಡುತ್ತಾರೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಅಗ್ಗಕ್ಕೆ ಸಿಗುವ ‘ಎಲ್1 ಆರ್1’ ಟ್ರಿಗರ್ ಕೂಡ ಪರದೆಯನ್ನೇ ಮುಟ್ಟುವ ಸಾಧನ. ಇಷ್ಟನ್ನು ರೂಢಿಸಿಕೊಂಡವನ ಕೈಗೆ ಗಿಡ್ಡ ಸ್ಟಿಕ್ ಕೊಟ್ಟರೆ ಅವನ ಆಟ ಕೆಡುತ್ತದೆ. ‘ಕಾಲ್ ಆಫ್ ಡ್ಯೂಟಿ: ಮೊಬೈಲ್’ ಕಂಟ್ರೋಲರ್‌ಗೆ ಅವಕಾಶ ಕೊಟ್ಟಿದೆ, ಆದರೆ ಕಂಟ್ರೋಲರ್ ಹಿಡಿದವರನ್ನು ಅಂಥವರ ಜೊತೆಗೇ ಕೂಡಿಸುತ್ತದೆ. ಅದು ನ್ಯಾಯವಾದ ಏರ್ಪಾಡು. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟದಲ್ಲೂ ನನಗೆ ಕಂಟ್ರೋಲರ್ ಬೇಕೆನಿಸಲಿಲ್ಲ. ಬೆರಳಿಟ್ಟ ಕಡೆ ಪಾತ್ರ ನಡೆದುಹೋಗುವ ಏರ್ಪಾಡನ್ನು ಮೊಬೈಲಿಗಾಗಿಯೇ ಚೆನ್ನಾಗಿ ಮಾಡಿದ್ದಾರೆ, ಹೊಲಕ್ಕೆ ನೀರು ಹಾಕಲು ಅಷ್ಟು ಸಾಕು.

ಈ ಸಾಧನಕ್ಕೆ ಕೊಟ್ಟ ದುಡ್ಡು ಹುಟ್ಟುವುದು ಫೋನಿನಾಚೆಯ ಆಟಗಳನ್ನು ಫೋನಿಗೆ ತಂದುಕೊಂಡಾಗ. 2024ರ ಏಪ್ರಿಲ್‌ನಲ್ಲಿ ಆಪಲ್ ತನ್ನ ಆ್ಯಪ್ ಸ್ಟೋರಿನಲ್ಲಿ ಹಳೆಯ ಕನ್ಸೋಲ್‌ಗಳ ಆಟಗಳನ್ನು ಫೋನಿನಲ್ಲಿ ಓಡಿಸುವ ಎಮ್ಯುಲೇಟರ್‌ಗಳಿಗೆ ಅನುಮತಿ ಕೊಟ್ಟಿತು. ಬಟನ್‌ಗಳಿಗೆಂದೇ ಹುಟ್ಟಿದ ಆ ಆಟಗಳನ್ನು ಗಾಜಿನ ಮೇಲೆ ಆಡುವುದು ಶಿಕ್ಷೆ. ಪ್ಲೇಸ್ಟೇಷನ್ ಇರುವ ಮನೆಯಲ್ಲಿ ಟಿವಿಯನ್ನು ಬೇರೆಯವರು ನೋಡುತ್ತಿದ್ದಾಗ ರಿಮೋಟ್ ಪ್ಲೇ ಮೂಲಕ ಅದೇ ಆಟವನ್ನು ವೈಫೈನಲ್ಲಿ ಫೋನಿಗೆ ಎಳೆದುಕೊಳ್ಳಬಹುದು, ಕಂಪ್ಯೂಟರಿನ ಆಟಗಳಿಗೆ ಸ್ಟೀಮ್ ಲಿಂಕ್ ಇದೆ. ಆಗ ತೊಡಕಾಗುವುದು ಅಕ್ಷರ. ದೊಡ್ಡ ಟಿವಿಗೆಂದು ಬರೆದ ಸಂಭಾಷಣೆ ಆರು ಇಂಚಿನ ಪರದೆಯಲ್ಲಿ ಇರುವೆ ಸಾಲಿನಷ್ಟಾಗುತ್ತದೆ. ಅಕ್ಷರದ ಗಾತ್ರ ಹಿಗ್ಗಿಸಲು ಆಟದ ಸೆಟ್ಟಿಂಗ್ಸ್‌ನಲ್ಲಿ ಅವಕಾಶ ಇದ್ದರೆ ಮಾತ್ರ ನಾನು ಮುಂದುವರಿಸುತ್ತೇನೆ. ಇಲ್ಲದಿದ್ದರೆ ಟಿವಿ ಬಿಡುವಾಗುವವರೆಗೆ ಕಾಯುತ್ತೇನೆ.