ನಕಾಶೆಯ ಬಣ್ಣ, ಕೃಷ್ಣೆಯ ಮಣ್ಣು

ಸಾಂಗಲಿಯವರಿಗೆ ಆಪತ್ತು ಅಂದರೆ ಕೃಷ್ಣೆಯ ನೀರು. ಆಯರ್ವಿನ್ ಸೇತುವೆಯ ಬಳಿ ಹೊಳೆ ಎಷ್ಟು ಅಡಿ ಏರಿತು ಎಂಬುದು ಮಳೆಗಾಲದಲ್ಲಿ ಮನೆಮನೆಯ ಮಾತು. ನೆಲ ಅಲುಗುವ ಅಪಾಯಕ್ಕೆ ಅಂಥ ಅಳತೆಪಟ್ಟಿ ಇಲ್ಲ. ಭೂಕಂಪ ತಾಳುವ ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನಕ, ಐಎಸ್ 1893 ಸಂಹಿತೆಯ ಭೂಕಂಪ ವಲಯಗಳ ನಕಾಶೆಯೇ ಗತಿ. ಅದರ 2002ರ ಆವೃತ್ತಿಯಲ್ಲಿ ಸಾಂಗಲಿ, ಮಿರಜ ಎರಡೂ ಮೂರನೆಯ ವಲಯದಲ್ಲಿವೆ, ಅಂದರೆ ಮಧ್ಯಮ ಅಪಾಯ. ಈ ತೀರ್ಪನ್ನು ಎಷ್ಟು ನಂಬಬಹುದು?

ನಕಾಶೆಯ ಹಿಂದಿನ ನಡತೆ ಧೈರ್ಯ ಕೊಡುವಂತಿಲ್ಲ. ಅದು ಮೊದಲು ಬಂದ 1962ರಲ್ಲಿ, ದಖ್ಖನ್ನಿನ ಕರಿಬಂಡೆ ಕದಲದೆಂಬ ನಂಬಿಕೆ ಬಲವಾಗಿತ್ತು. ಅದೇ ವರ್ಷ ಕೊಯ್ನಾ ಜಲಾಶಯದಲ್ಲಿ ನೀರು ನಿಂತಿತು, ಹಿಂದೆಯೇ ಸಣ್ಣ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ರಿಕ್ಟರ್ ಮಾಪಕದ ಸುಮಾರು 6.3ರ ಭೂಕಂಪ ಸುಮಾರು 180 ಜನರನ್ನು ಕೊಂದಿತು. 103 ಮೀಟರ್ ಎತ್ತರದ ಅಣೆಕಟ್ಟು ಬಿರುಕು ಬಿಟ್ಟರೂ ನಿಂತಿತು. ಕೊಯ್ನಾನಗರದ ಮನೆಗಳು ಉರುಳಿದವು. 1970ರಲ್ಲಿ ಕೊಯ್ನಾ ನಾಲ್ಕನೆಯ ವಲಯಕ್ಕೇರಿತು. ಮುಂದೆ 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಸುತ್ತಮುತ್ತ ಭೂಕಂಪಕ್ಕೆ ಹತ್ತು ಸಾವಿರದಷ್ಟು ಜನ ಸತ್ತರು. ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. 2002ರಲ್ಲಿ ಆ ವಲಯವನ್ನೇ ಕೈಬಿಡಲಾಯಿತು.

ಎರಡು ಸಲವೂ ಸಾವಾದ ಮೇಲೆ ಬಣ್ಣ ಬದಲಾಯಿತು. ಕೊರತೆ ಇರುವುದು ವಿಧಾನದಲ್ಲಿ. ದಖ್ಖನ್ನಿನಂಥ ನೆಲದಲ್ಲಿ ಒಂದು ಬಿರುಕು ಮತ್ತೆ ಜರುಗಲು ಸಾವಿರಾರು ವರ್ಷ ಹಿಡಿಯಬಹುದು, ನಮ್ಮ ದಾಖಲೆ ಕೆಲವೇ ಶತಮಾನದ್ದು. ಹಾಗಿರುವಾಗ ದಾಖಲೆಯ ಮೌನವನ್ನು ನೆಲದ ಮೌನವೆಂದು ಓದುವುದು ಅಪಾಯದ ಕೆಲಸ. ಚಾಂದೋಲಿಯಲ್ಲಿ ವಾರಣಾ ಜಲಾಶಯ ತುಂಬಿದ ಮೇಲೆ ಕೊಯ್ನಾದ ಕಂಪನಗಳು ಅತ್ತಲೂ ಹಬ್ಬಿವೆ. ಆ ವಾರಣೆ ಕೃಷ್ಣೆಯನ್ನು ಕೂಡುವುದು ಸಾಂಗಲಿ ಪಕ್ಕದ ಹರಿಪುರದಲ್ಲಿ. ಕರಾಡದ ಭೂವಿಜ್ಞಾನ ಪ್ರಯೋಗಾಲಯದವರು ಕೊಯ್ನಾ ಪ್ರದೇಶದಲ್ಲಿ 3 ಕಿಲೋಮೀಟರ್ ಆಳದ ಬಾವಿ ಕೊರೆದು ಕಂಪನದ ಮೂಲ ಹುಡುಕುತ್ತಿರುವುದು ಮನಸಾರೆ ಮೆಚ್ಚಬೇಕಾದ ಕೆಲಸ.

ಆದರೆ ಮನೆ ಬೀಳುವುದು ಮಣ್ಣನ್ನೂ ಗೋಡೆಯನ್ನೂ ಅವಲಂಬಿಸಿದೆ. ಗಟ್ಟಿ, ಮಧ್ಯಮ, ಮೆತ್ತನೆಯ ನೆಲಕ್ಕೆ ಬೇರೆ ಬೇರೆ ಲೆಕ್ಕ ಸಂಹಿತೆಯಲ್ಲೇ ಇದೆ. ನಕಾಶೆಯಲ್ಲಿ ಮಾತ್ರ ಹೊಳೆದಂಡೆಯ ಮೆಕ್ಕಲಿಗೂ ಬಂಡೆಯ ಮೇಲಿನ ಓಣಿಗೂ ಒಂದೇ ಬಣ್ಣ. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಮನೆಗಳು ಕುಸಿದವು. ಅದೂ ಮೂರನೆಯ ವಲಯದ, ನದಿ ಮೆಕ್ಕಲಿನ ಊರು. ಬಿದ್ದವುಗಳಲ್ಲಿ ಹಲವಕ್ಕೆ ಕೆಳಗೆ ಬರೀ ಕಂಬಗಳ ಪಾರ್ಕಿಂಗ್ ಇತ್ತು. ಸಾಂಗಲಿಗೆ ಇದು ಕಠಿಣ ಪ್ರಶ್ನೆ: 2005, 2019ರ ಪ್ರವಾಹ ಕಂಡವರಿಗೆ ನೆಲಮಹಡಿ ಖಾಲಿ ಬಿಡುವುದೇ ಜಾಣತನ, ಭೂಕಂಪದ ಲೆಕ್ಕದಲ್ಲಿ ಅದೇ ದುರ್ಬಲ ಜಾಗ.

ಹಳ್ಳಿಗಳ ಮಾತು ಬೇರೆ. ಕಿಲ್ಲಾರಿಯಲ್ಲಿ ಕೊಂದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಅಂಥ ಗೋಡೆಯ ಎರಡು ಮೈಗಳನ್ನು ಬೆಸೆಯುವ ಉದ್ದಗಲ್ಲು, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಒಂದು ಪಟ್ಟಿ, ಇಷ್ಟು ಸೇರಿದರೂ ಜೀವ ಉಳಿಯುತ್ತದೆ. ನಗರಕ್ಕೆ ಬೇಕಾದದ್ದು ವಾರ್ಡುವಾರು ಮಣ್ಣಿನ ನಕಾಶೆ. ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆ ಅದನ್ನು ಪ್ರವಾಹ ರೇಖೆಯ ಪಕ್ಕದಲ್ಲಿಟ್ಟು ನೋಡಿ, ಕಂಬದ ಮನೆಗಳಿಗೆ ಎಲ್ಲಿ ಅಡ್ಡಗೋಡೆ ಬೇಕೆಂದು ಕಟ್ಟಡ ಪರವಾನಗಿಯಲ್ಲೇ ಬರೆಯಬೇಕು.