ಗಡಿಯಾರ ಲೆಕ್ಕದ ಹೊರಗಿರಲಿ

ಕೋಡಿಗೆ ಬೇಕಾದ್ದನ್ನು ಹೊರಗಿನಿಂದ ಕೊಡುವ ಡಿಪೆಂಡೆನ್ಸಿ ಇಂಜೆಕ್ಷನ್, ಅದನ್ನು ಹುಡುಕಿ ಜೋಡಿಸುವ ಕಂಟೇನರ್ ಇಲ್ಲದೆ ಆಗದು ಎಂಬ ವಾದ ಮತ್ತೆ ಕಿವಿಗೆ ಬಿತ್ತು, ಸುಮ್ಮನಿರಲಾಗಲಿಲ್ಲ.

ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರನ್ನು ಬಳಕೆಗೆ ತಂದ ಲೇಖನದ ಉದಾಹರಣೆಗಳು ಜಾವಾದವು. ಆಗಿನ ಜಾವಾದಲ್ಲಿ ಲ್ಯಾಂಬ್ಡಾ ಇರಲಿಲ್ಲ, ಕಂಟೇನರ್‌ಗೆ ಅರ್ಥವಿತ್ತು. ಜಾವಾಸ್ಕ್ರಿಪ್ಟ್‌ನಲ್ಲಾದರೋ ಫಂಕ್ಷನ್ನನ್ನೇ ಆರ್ಗ್ಯುಮೆಂಟಾಗಿ ಕೊಟ್ಟರೆ ಮುಗಿಯಿತು. ಆದರೂ ಆಂಗ್ಯುಲರ್‌ಜೆಎಸ್ ಫ್ರೇಮ್‌ವರ್ಕ್ ಏನು ಮಾಡಿತು? ಫಂಕ್ಷನ್ನನ್ನು ಸ್ಟ್ರಿಂಗ್ ಮಾಡಿ, ಪ್ಯಾರಾಮೀಟರ್ ಹೆಸರುಗಳನ್ನು ಓದಿ, ಆ ಹೆಸರಿನ ಸರ್ವಿಸ್ ಹುಡುಕಿ ತಂದಿತು. ಕೋಡನ್ನು ಮಿನಿಫೈ ಮಾಡಿದರೆ ಹೆಸರುಗಳು ಒಂದಕ್ಷರಕ್ಕಿಳಿದು ಸರ್ವಿಸ್ ಸಿಗದಾಯಿತು. ಪರಿಹಾರ? ಅದೇ ಹೆಸರುಗಳನ್ನು ಪಕ್ಕದಲ್ಲೇ ಸ್ಟ್ರಿಂಗ್‌ಗಳಾಗಿ ಮತ್ತೊಮ್ಮೆ ಬರೆಯುವುದು! ಭಾಷೆ ಕೊಟ್ಟದ್ದನ್ನು ಬಿಟ್ಟು ಹೊರಟವರಿಗೆ ಬಿದ್ದ ದುಬಾರಿ ಸುಂಕ ಅದು.

ಆದರೆ ನಮ್ಮ ಫಂಕ್ಷನಲ್ ಪ್ರೋಗ್ರಾಮಿಂಗ್ ಬಳಗದವರಿಗೂ ಒಂದು ತಕರಾರು ಹೇಳಬೇಕು. ಗ್ರಂಥಾಲಯದ ದಂಡ ಲೆಕ್ಕ ಹಾಕುವ ಫಂಕ್ಷನ್ ಇದೆಯೆನ್ನಿ. ಅದರೊಳಗೆ ಈಗಿನ ಸಮಯ ಹೇಳುವ 'ಡೇಟ್.ನೌ' ಕರೆದರೆ ಇವತ್ತಿನ ಉತ್ತರ ನಾಳೆ ಬರದು, ಫಂಕ್ಷನ್ ಅಶುದ್ಧ. ಇದು ಗೊತ್ತಿದ್ದವರು ಗಡಿಯಾರದ ಫಂಕ್ಷನ್ನನ್ನು ಮೊದಲ ಆರ್ಗ್ಯುಮೆಂಟಾಗಿ ಕೊಟ್ಟು, ಕ್ಲೋಷರ್‌ನಲ್ಲಿ ಹಿಡಿದಿಟ್ಟು, ಕೋಡು ಶುದ್ಧವಾಯಿತು ಎನ್ನುತ್ತಾರೆ. ಆಗಲಿಲ್ಲ. ಒಳಗೆ ಕರೆದದ್ದು ಅಶುದ್ಧವಾದರೆ ಕರೆಯುವ ಫಂಕ್ಷನ್ನೂ ಅಶುದ್ಧವೇ. ಪ್ರೋಗ್ರಾಮರ್ ಮಾರ್ಕ್ ಸೀಮನ್ 2017ರಲ್ಲೇ ಈ ಎಳೆ ಹಿಡಿದು ಬರೆದರು. ಹ್ಯಾಸ್ಕೆಲ್‌ನಲ್ಲಿ ಟೈಪೇ ಈ ಗುಟ್ಟು ರಟ್ಟು ಮಾಡುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ತಡೆಯುವವರಿಲ್ಲ.

ಗಡಿಯಾರವನ್ನೇಕೆ ಕೊಡಬೇಕು? ದಿನಾಂಕವನ್ನೇ ಕೊಡಿ. ಡೇಟಾಬೇಸ್‌ಗೂ ಇದೇ ಮಾತು. ಪುಸ್ತಕದ ಎರವಲು ದಾಖಲೆ ತರುವ ಫಂಕ್ಷನ್ನನ್ನು ಒಳಗೆ ತುರುಕಿದರೆ ಅದು ಪ್ರಾಮಿಸ್ ಕೊಡುತ್ತದೆ. ದಿನಗಳನ್ನು ದರದಿಂದ ಗುಣಿಸುವ ಒಂದೇ ಸಾಲಿಗೂ 'ಅವೇಟ್' ಅಂಟಿಕೊಂಡು, ಕರೆದವರೆಲ್ಲ 'ಅಸಿಂಕ್' ಆಗುತ್ತಾರೆ. ದಾಖಲೆಯನ್ನು ಹೊರಗೇ ಓದಿ, ದಿನಾಂಕದೊಡನೆ ಲೆಕ್ಕಕ್ಕೆ ಕೊಟ್ಟು, ಬಂದ ಮೊತ್ತವನ್ನು ಹೊರಗೇ ಬರೆದಿಡಿ. ಟೆಸ್ಟ್‌ಗೆ ಮಾಕ್ ಬೇಡ: ಎರಡು ದಿನಾಂಕ, ಒಂದು ದರ, ಒಂದು ಮೊತ್ತ.

ಲೆಕ್ಕದ ನಡುವೆ ಸಿಕ್ಕ ಉತ್ತರವೇ ಮುಂದೇನು ಓದಬೇಕೆಂದು ತೀರ್ಮಾನಿಸುವ ಕಡೆ ಮಾತ್ರ ಇದು ಸುಲಭವಲ್ಲ. ಅಂಥಲ್ಲಿ ಫಂಕ್ಷನ್ನನ್ನೇ ಕೊಡಿ, ಅಡ್ಡಿಯಿಲ್ಲ. ಮಿಕ್ಕ ಕಡೆ ಮೌಲ್ಯ ಸಾಕು.